ಗಯೆಗೆ ಹೋದ ಓಟಿಪಿ

ಪಿತ್ತಕೋಶದ ಕಲ್ಲು ತೆಗೆಯಲು ಕಾಶಿಯ ಭೇಲೂಪುರದ ಆಸ್ಪತ್ರೆಯವರು ಹೇಳಿದ್ದು ನಲವತ್ತೆರಡು ಸಾವಿರ. ಔಷಧಿ ಬೇರೆ. ಆಪರೇಷನ್ ಆದ ಮೇಲೆ ಅಡುಗೆಗೆ ಹದಿನೈದು ದಿನ ಬೇರೆಯವರನ್ನು ಇಟ್ಟುಕೊಂಡರೆ ಆರು ಸಾವಿರ. ಬಂಗಾಲಿ ಟೋಲಾದ ಗಲ್ಲಿ ದಾಟಿ ರಸ್ತೆಗೆ ಬಂದರೆ ಇ-ರಿಕ್ಷಾ ಒಬ್ಬರಿಗೆ ಹತ್ತು ರೂಪಾಯಿ, ಹೊಟ್ಟೆ ಹಿಡಿದುಕೊಂಡು ಕೂತವರಿಗೂ ಅಷ್ಟೇ. ‘ಸೇಹತ್ ಗಠರಿ’, ಅಂದರೆ ಆರೋಗ್ಯದ ಗಂಟು, ಎಂಬ ಆ್ಯಪ್ ಮಾತ್ರ ಪುಕ್ಕಟೆ. ಮೊಬೈಲಿಗೆ ಇಳಿಸಿಕೊಂಡರೆ ಸಾಕು, ನಿಮ್ಮ ರಕ್ತ, ಮೂತ್ರ, ಎಕ್ಸ್-ರೇ ಎಲ್ಲದರ ವರದಿಯೂ ಅದರೊಳಗೆ ಬಂದು ಕೂರುತ್ತದೆ, ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರುತ್ತದೆ ಎಂದು ಕಂಪನಿಯವರು ಹೇಳಿದ್ದರು. ಕೊನೆಗೆ ಅನಂತಲಕ್ಷ್ಮಿಗೆ ಎಲ್ಲಕ್ಕಿಂತ ದುಬಾರಿಯಾದದ್ದು ಆ ಪುಕ್ಕಟೆಯದೇ.

ಆಪರೇಷನ್ನಿಗೆ ದಿನ ಗೊತ್ತು ಮಾಡಲು ಹೋದಾಗ ಅರಿವಳಿಕೆ ಕೊಡುವ ಡಾಕ್ಟರು ಕಂಪ್ಯೂಟರಿನಲ್ಲಿ ಅವಳ ಗಠರಿ ಬಿಚ್ಚಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು.

“ಮಾತಾಜಿ, ಮೂರ್ಛೆರೋಗ ಇದೆ ಅಂತ ಯಾಕೆ ಹೇಳಲಿಲ್ಲ?”

“ನನಗಾ?”

“ಹೃದಯಕ್ಕೆ ಸ್ಟೆಂಟ್ ಬೇರೆ ಹಾಕಿಸಿದ್ದೀರಿ. ರಕ್ತ ತೆಳುವಾಗುವ ಮಾತ್ರೆ ನಡೀತಾ ಇದೆ.”

“ಸ್ಟೆಂಟ್ ಹರಪನಹಳ್ಳಿಯವರದು. ಮೂರ್ಛೆ ಸಿಂಧನೂರಿನವರದು,” ಎಂದಳು ಅನಂತಲಕ್ಷ್ಮಿ.

“ಊರು ಕೇಳಲಿಲ್ಲ ನಾನು. ಇಲ್ಲಿರೋ ಹೆಸರು ನಿಮ್ಮದು. ನಾಳೆ ಟೇಬಲ್ ಮೇಲೆ ಏನಾದರೂ ಆದರೆ ನನ್ನನ್ನು ಕೇಳುತ್ತಾರೆ, ಓದಿರಲಿಲ್ಲವೇ ಅಂತ. ಇದನ್ನು ಸರಿ ಮಾಡಿಸಿಕೊಂಡು ಬನ್ನಿ. ಇಲ್ಲವಾದರೆ ಹೃದಯ, ಮೆದುಳು ಎಲ್ಲ ಹೊಸದಾಗಿ ಪರೀಕ್ಷೆ ಮಾಡಿಸಬೇಕು. ತಡ ಮಾಡಬೇಡಿ. ಕಲ್ಲು ನಾಳಕ್ಕೆ ಜಾರಿದರೆ ಕಾಮಾಲೆ ಆಗುತ್ತದೆ, ಆಗ ಆಟ ಬೇರೆ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಬೇರೆ ಕಡೆ, ಅದೂ ಒಳ್ಳೆಯ ಮನಸ್ಸಿನಿಂದ.

ಅನಂತಲಕ್ಷ್ಮಿಯ ಗಂಡ ರಾಘವೇಂದ್ರಾಚಾರ್ಯರು ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಕ್ರಿಯಾಕರ್ಮ ಮಾಡಿಸುವವರು. ಕೇದಾರ ಘಾಟಿನ ಹತ್ತಿರ ಅವರ ಮನೆಯ ಮೇಲಿನ ಅಂತಸ್ತಿನಲ್ಲೇ ಯಾತ್ರಿಕರು ಇಳಿದುಕೊಳ್ಳುತ್ತಾರೆ. ಕಾಶಿ ಮುಗಿಸಿ ಪಿಂಡ ಹಾಕಲು ಗಯೆಗೆ ಹೋಗುವುದು ಕ್ರಮ. ಗುಂಪಿನಲ್ಲಿ ಯಾರಾದರೂ ಹೆಂಗಸು ಜ್ವರವೋ ವಾಂತಿಯೋ ಎಂದು ಮಲಗಿದರೆ ಅವಳನ್ನು ಅನಂತಲಕ್ಷ್ಮಿಯ ಬಳಿ ಬಿಟ್ಟು ಉಳಿದವರು ಗಯೆಗೆ ಹೊರಡುತ್ತಾರೆ. ಗಂಡನ ಜೊತೆ ಫೋನೂ ಹೊರಡುತ್ತದೆ. ಕ್ಲಿನಿಕ್ಕಿನಲ್ಲಿ ಹೆಸರು ಬರೆಸಲು ಹೋದರೆ ಕೌಂಟರಿನವನು ನಂಬರು ಕೇಳುತ್ತಾನೆ, ನಂಬರು ಕೊಟ್ಟರೆ ಓಟಿಪಿ ಗಯೆಯಲ್ಲಿ ಫಲ್ಗು ನದಿಯ ದಂಡೆಯ ಮೇಲೆ ಯಾರದೋ ಜೇಬಿನಲ್ಲಿ ಗುಂಯ್ ಎನ್ನುತ್ತದೆ. ಆ ಜೇಬಿನ ಅಂಗಿಯನ್ನು ಕಳಚಿಟ್ಟು ಅವನು ತರ್ಪಣಕ್ಕೆ ಕೂತಿರುತ್ತಾನೆ.

“ನಮ್ಮ ಮನೆಯವರೇ, ನನ್ನ ಹೆಸರಿಗೇ ಬರಕೋ ಭಯ್ಯಾ,” ಎನ್ನುತ್ತಿದ್ದಳು ಅನಂತಲಕ್ಷ್ಮಿ. ಗಠರಿಯವರು ಕೊಟ್ಟ ಅವಳ ಕಾರ್ಡಿಗೆ ಕ್ಲಿನಿಕ್ಕಿನಲ್ಲಿ ಅರ್ಧ ದರವೂ ಇತ್ತು. ಮನೆಗೆ ಬಂದವರು ಮನೆಯವರು ಎಂಬ ಮಾತನ್ನು ಅವಳ ಅತ್ತೆ ಹೇಳಿಕೊಟ್ಟಿದ್ದರು. ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಅವಳು ಮಗಳು ಸಾತ್ವಿಕಾಳನ್ನು ಕರೆದುಕೊಂಡು ಕಂಪನಿಯ ಆಫೀಸಿಗೆ ಹೋದಳು. ಅದೂ ಭೇಲೂಪುರದಲ್ಲೇ, ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯ ಮೇಲೆ ‘ನಿಮ್ಮ ಆರೋಗ್ಯ, ನಿಮ್ಮ ಅಧಿಕಾರ’ ಎಂದು ಹಿಂದಿಯಲ್ಲಿ ದೊಡ್ಡದಾಗಿ ಬರೆದಿತ್ತು. ಆ ಬರಹದ ಕೆಳಗೆ ತ್ರಿಪಾಠಿ ಎಂಬ ಯುವಕ ಬಾಯಲ್ಲಿ ಪಾನ್ ಇಟ್ಟುಕೊಂಡು ಕೂತಿದ್ದ.

ಎಲ್ಲ ಕೇಳಿ ಅವನು ಹಗುರಾಗಿ ನಕ್ಕ. “ಅರೇ ಚಾಚಿ, ಇದಕ್ಕೆ ಇಷ್ಟು ಚಿಂತೆಯಾ? ಖಾತೆ ನಿಮ್ಮದು, ಅಧಿಕಾರ ನಿಮ್ಮದು. ಇಲ್ಲಿ ಒತ್ತಿ, ಎಲ್ಲ ಸಾಫ್. ನಾಳೆಯಿಂದ ಹೊಸ ಗಠರಿ.”

“ಬೇರೆಯವರದನ್ನು ಬೇರೆ ಮಾಡೋಕೆ ಆಗಲ್ವಾ?”

“ಆಗುತ್ತೆ. ಅವರು ಗುರುತಿನ ಚೀಟಿ ಹಿಡಕೊಂಡು ಈ ಕೌಂಟರಿಗೆ ಬರಬೇಕು. ಎಲ್ಲಿದ್ದಾರೆ ಅವರು?”

“ಕರ್ನಾಟಕದಲ್ಲಿ.”

“ಹಾಗಾದರೆ ಒತ್ತಿ,” ಎಂದ ತ್ರಿಪಾಠಿ.

ಬಲ ಪಕ್ಕೆಯ ಕೆಳಗೆ ಆಗಲೇ ಹಿಡಿದುಕೊಂಡಿತ್ತು. ಒತ್ತಿದರೆ ಎರಡು ನಿಮಿಷದ ಕೆಲಸ. ಅನಂತಲಕ್ಷ್ಮಿ ಬೆರಳು ಮುಂದೆ ಚಾಚಿದವಳು ಹಾಗೇ ನಿಲ್ಲಿಸಿದಳು.

“ಸಾತ್ವಿಕಾ, ಒಳಗೇನಿದೆ ಒಂದು ಸಲ ಓದಿಬಿಡೇ.”

“ಅಮ್ಮಾ, ಕ್ಯಾ ಯಾರ್, ಅಳಿಸೋದನ್ನ ಓದಬೇಕಾ?”

“ಯಾತ್ರಿಕರು ಕೋಣೆ ಬಿಟ್ಟು ಹೋದ ಮೇಲೆ ಚಾದರ ಕೊಡವದೆ ನಾನು ಒಗೆಯೋಕೆ ಹಾಕ್ತೀನಾ? ಬೆಂಡೋಲೆ ಸಿಕ್ಕಿವೆ, ಹಲ್ಲಿನ ಸೆಟ್ಟು ಸಿಕ್ಕಿದೆ. ಕೊಡವಿ ನೋಡು.”

ಸಾತ್ವಿಕಾ ಗೊಣಗುತ್ತ ಓದಿದಳು. ಸ್ಟೆಂಟಿನವರ ಇಸಿಜಿ. ಸಿಂಧನೂರಿನ ಅಜ್ಜಿಯ ಮಾತ್ರೆ ಚೀಟಿ. ಕಳೆದ ಕಾರ್ತಿಕದಲ್ಲಿ ಬಂದಿದ್ದ ಗಂಗಾವತಿಯ ವಿಜಯಾಳ ಎದೆಯ ಎಕ್ಸ್-ರೇ. ವಿಜಯಾ ಜ್ವರ, ಕೆಮ್ಮು ಎಂದು ಹಿಂದೆ ಉಳಿದವಳು. ಗಂಡ ಗಯೆಯಿಂದ ಬಂದ ಕೂಡಲೇ ಕೆಮ್ಮಿನ ಔಷಧಿ ಕಟ್ಟಿಕೊಂಡು ರೈಲು ಹತ್ತಿದ್ದಳು. ಸಾತ್ವಿಕಾ ಫೋನನ್ನು ಕಣ್ಣಿನ ಹತ್ತಿರ ತಂದಳು.

“ಅಮ್ಮಾ, ಇದು ಕಫದ್ದು. ಆಂಟಿ ಹೋದ ಮೇಲೆ ಬಂದಿರೋ ರಿಪೋರ್ಟು. ಟಿಬಿ ಇದೆ ಅಂತ ಬರೆದಿದೆ.”

ಆ ವರದಿ ನಾಲ್ಕು ತಿಂಗಳು ಅನಂತಲಕ್ಷ್ಮಿಯ ಫೋನಿನಲ್ಲಿ, ‘ನೀರು ಕುಡಿಯಿರಿ’, ‘ನಡೆದಾಡಿ’ ಎಂದು ಗಠರಿ ದಿನವೂ ಕಳಿಸುವ ಸಂದೇಶಗಳ ಅಡಿಯಲ್ಲಿ ಮಲಗಿತ್ತು. ಆಗೊಮ್ಮೆ ಯಾರೋ ಫೋನು ಮಾಡಿ “ಅನಂತಲಕ್ಷ್ಮಿಯವರೇ, ಟಿಬಿ ಮಾತ್ರೆ ಶುರು ಮಾಡಿದಿರಾ?” ಎಂದು ಕೇಳಿದ್ದು ಅವಳಿಗೆ ನೆನಪಾಯಿತು. “ನನಗೆ ಕೆಮ್ಮೇ ಇಲ್ಲ, ರಾಂಗ್ ನಂಬರ್,” ಎಂದು ಇಟ್ಟುಬಿಟ್ಟಿದ್ದಳು. ಮೋಸದ ಕರೆ ಎಂದುಕೊಂಡಿದ್ದಳು.

ಅವಳು ಅಲ್ಲೇ ಕುರ್ಚಿಯ ಮೇಲೆ ಕೂತು ಗಂಗಾವತಿಗೆ ಫೋನು ಹಚ್ಚಿದಳು. ಬನಾರಸಿನಲ್ಲಿ ಕನ್ನಡಕ್ಕೆ ಬಾಗಿಲು ಹಾಕಬೇಕಾಗಿಲ್ಲ. ತ್ರಿಪಾಠಿಗೆ ಒಂದಕ್ಷರವೂ ತಿಳಿಯಲಿಲ್ಲ.

“ಕಾಶಿ ಅನಂತಕ್ಕನಾ? ಅಯ್ಯ ನಮ್ಮವ್ವ! ಗಂಗಮ್ಮ ನೆನಪು ಮಾಡಿಕೊಂಡಳೇನ್ರಿ ನನ್ನ?” ವಿಜಯಾ ಜೋರಾಗಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

“ವಿಜಯಾ, ಪಕ್ಕದಲ್ಲಿ ಯಾರಿದ್ದಾರೆ?”

“ಸೊಸಿ ಅದಾಳ್ರಿ. ಮೊಮ್ಮಗಳಿಗೆ ಜಡಿ ಹಾಕಾಕತ್ತೀನಿ.”

“ಮಗೂನ ಕೆಳಗಿಳಿಸಿ ಒಬ್ಬಳೇ ಹಿತ್ತಲಿಗೆ ಹೋಗು. ಹೇಳ್ತೀನಿ.”

ಹೇಳಿದಳು.

“ಶುಂಠಿ, ಬೆಲ್ಲ ತಿಂದು ತಿಂದು ನಾಲಿಗಿ ಸುಟ್ಟು ಹೋಗೈತ್ರಿ ಅಕ್ಕಾ,” ಎಂದಳು ವಿಜಯಾ, ದನಿ ಇಳಿಸಿ. “ತೂಕ ಇಳದದ್ದಕ್ಕ ಕಾಶಿ ಪುಣ್ಯ, ಮೈ ಹಗುರಾತು ಅಂತಿದ್ರು ನಮ್ಮನಿಯವರು.”

“ಅವರ ಪುಣ್ಯ ಅವರ ಹತ್ತಿರ ಇರಲಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗು. ಮಾತ್ರೆ ಪುಕ್ಕಟೆ ಕೊಡ್ತಾರೆ. ಮೊಮ್ಮಗಳನ್ನೂ ಕರಕೊಂಡು ಹೋಗಿ ತೋರಿಸು. ತಪ್ಪು ನನ್ನ ಕಡೆಯಿಂದಾಯ್ತು, ಬೈಯೋದಿದ್ದರೆ ಆಮೇಲೆ ಬೈ.”

“ಬೈತೀನಿ ಬಿಡ್ರಿ. ಮೊದಲ ಆಸ್ಪತ್ರಿಗೆ ಹೋಗಿ ಬರ್ತೀನಿ.”

ಸಂಜೆ ರಾಘವೇಂದ್ರಾಚಾರ್ಯರು ಹೆಂಡತಿಯ ಮುಖ ನೋಡಿ, “ಅವಳಿಗೆ ಹೇಳಿದ್ದಾಯ್ತಲ್ಲ, ಇನ್ನು ಅಳಿಸಿ ಹಾಕೇ,” ಎಂದರು. “ನಿನ್ನ ಹೊಟ್ಟೆ ಯಾತ್ರಿಕರಿಗಾಗಿ ಕಾಯೋದಿಲ್ಲ.”

“ಗಂಗಾವತಿ ಡಾಕ್ಟರು ಹಳೆಯ ಎಕ್ಸ್-ರೇ ಕೇಳಿದ್ದಾರೆ. ರೋಗ ಎಷ್ಟು ಹರಡಿದೆ ನೋಡಬೇಕಂತೆ. ಅದರ ಮೇಲೆ ನನ್ನ ಹೆಸರಿದೆ.”

“ಫೋಟೋ ತೆಗೆದು ಕಳಿಸು.”

“ಕಳಿಸಿದೆ. ‘ಅನಂತಲಕ್ಷ್ಮಿ ಯಾರು’ ಅಂತ ಕೇಳಿದರಂತೆ. ನನ್ನ ಡಾಕ್ಟರಿಗೆ ನಾನು ಮೂರ್ಛೆಯವಳು, ಅವಳ ಡಾಕ್ಟರಿಗೆ ಅವಳು ಅನಂತಲಕ್ಷ್ಮಿ. ಯಾರದು ಯಾರಿಗೆ ಸೇರಬೇಕೋ ಸೇರಿಸಿಯೇ ನಾನು ಆಪರೇಷನ್ನಿಗೆ ಮಲಗೋದು.”

“ನಡುವೆ ಕಲ್ಲು ಜಾರಿದರೆ?”

“ತುಪ್ಪ, ಎಣ್ಣೆ ಬಿಟ್ಟಿದ್ದೀನಿ. ಗಂಜಿ ಕುಡೀತೀನಿ. ಜಾರಿದರೆ ನೀವಿದ್ದೀರಲ್ಲ, ಎತ್ತಿಕೊಂಡು ಹೋಗಿ.”

ಆಚಾರ್ಯರು ಅಡುಗೆಮನೆಗೆ ಹೋಗಿ ತಾವೇ ಗಂಜಿಗೆ ಅಕ್ಕಿ ತೊಳೆದರು.

ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಅನಂತಲಕ್ಷ್ಮಿ ಮೆಟ್ಟಿಲ ಮೇಲಿದ್ದಳು. ತ್ರಿಪಾಠಿ ನಿಯಮ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಬೇಟಾ, ಹೊಸ ಖಾತೆ ಮಾಡಿಸಿದರೆ ನಿನಗೇನು ಸಿಗುತ್ತದೆ?”

ಅವನು ಹಲ್ಲುಕಿರಿದ. “ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇದೆ ಚಾಚಿ. ಮುಟ್ಟಿದರೆ ಬೋನಸ್.”

“ಮುಟ್ಟಿದೆಯಾ?”

“ಬನಾರಸಿಗಳು ಪಾನ್ ಅಂಗಡಿಯವನಿಗೆ ಕಾಯಿಲೆ ಹೇಳುತ್ತಾರೆ, ಕಂಪನಿಗೆ ಹೇಳೋದಿಲ್ಲ.”

“ನಮ್ಮ ಮನೆಗೆ ವರ್ಷಪೂರ್ತಿ ಯಾತ್ರಿಕರು ಬರುತ್ತಾರೆ. ಬಂದ ದಿನವೇ, ಫೋನು ಗಯೆಗೆ ಹೊರಡೋ ಮೊದಲು, ಖಾತೆ ಬೇಕು ಅಂದವರನ್ನೆಲ್ಲ ನಿನ್ನ ಹತ್ತಿರ ಕಳಿಸ್ತೀನಿ, ಅವರವರ ಹೆಸರಿನಲ್ಲೇ. ಅದಕ್ಕೆ ಬದಲು ನೀನು ಈಗ ನನ್ನ ಖಾತೆಯಲ್ಲಿರೋ ಈ ಜನರ ಗುರುತಿನ ಚೀಟಿಯನ್ನು ವಿಡಿಯೊ ಕರೆಯಲ್ಲಿ ನೋಡು. ಆಗಲ್ಲ ಅಂದರೂ ನಾನು ಯಾತ್ರಿಕರಿಗೆ ಗಠರಿ ವಿಷಯ ಹೇಳ್ತೀನಿ. ಏನು ಹೇಳ್ತೀನಿ ಅನ್ನೋದು ಮಾತ್ರ ಬೇರೆಯಾಗುತ್ತದೆ.”

ತ್ರಿಪಾಠಿ ಪಾನ್ ಉಗುಳಿ ಬಂದ. ಲಖನೌ ಆಫೀಸಿಗೆ ಫೋನು ಮಾಡಿದ. ಆ ಕಡೆಯವರು ಮೇಲಿನವರನ್ನು ಕೇಳಬೇಕೆಂದರು. ಅನಂತಲಕ್ಷ್ಮಿ ಕೂತೇ ಇದ್ದಳು. ಮಧ್ಯಾಹ್ನ ಅವಳಿಗೆ ನೋವು ಬಂದು ಬೆವರಿಳಿಯಿತು. ತ್ರಿಪಾಠಿ ಗಾಬರಿಯಾಗಿ ನೀರು ತಂದುಕೊಟ್ಟು, “ಮನೆಗೆ ಹೋಗಿ ಚಾಚಿ,” ಎಂದ. “ಅಪ್ಪಣೆ ಬರಲಿ, ಹೋಗ್ತೀನಿ,” ಎಂದಳು. ಅವನು ಮತ್ತೆ ಲಖನೌಗೆ ಫೋನು ಮಾಡಿದ, ಈ ಸಲ ದನಿ ಏರಿಸಿ. ಇಟ್ಟ ಮೇಲೆ, “ಠೀಕ್ ಹೌ, ಒಪ್ಪಿದರು,” ಎಂದ. “ಆದರೆ ಒಂದು. ನಿಮ್ಮ ಕಾರ್ಡು ಬೇರೆಯವರು ಬಳಸಿದ್ದು ಅಂತ ಬರೆದು ಕೊಡಬೇಕು. ಬರೆದರೆ ಅರ್ಧ ದರ ರದ್ದಾಗುತ್ತದೆ.”

“ಪೆನ್ನು ಕೊಡು,” ಎಂದಳು.

ಗಂಗಾವತಿಗೆ ವಿಡಿಯೊ ಕರೆ ಹೋಯಿತು. ವಿಜಯಾ ಬಾಯಿಗೆ ಸೆರಗು ಕಟ್ಟಿಕೊಂಡು ಗುರುತಿನ ಚೀಟಿ ಹಿಡಿದು ಕೂತಿದ್ದಳು.

“ಓಟಿಪಿ ಬಂತಾ ಆಂಟಿ?” ಸಾತ್ವಿಕಾ ಕೇಳಿದಳು.

“ಫೋನು ನಮ್ಮನಿಯವರ ಕಡೆ ಐತವಾ. ಅವರು ಭತ್ತಕ್ಕ ನೀರು ಕಟ್ಟಾಕ ಹೋಗ್ಯಾರ.”

“ಇದು ಯಾರ ಫೋನು ಮತ್ತೆ?”

“ಸೊಸಿದು.”

“ಹಾಗಾದರೆ ಸೊಸೆ ನಂಬರು ಬರೆಸು,” ಎಂದಳು ಅನಂತಲಕ್ಷ್ಮಿ. “ಇವತ್ತಿಗೆ ಸಾಕು. ನಾಳೆ ನಿನಗೇ ಒಂದು ಫೋನು ತಗೋ. ಗಂಡಸರ ಜೇಬಿನಲ್ಲಿ ಹೆಂಗಸರ ಜೀವ ಇಡಬಾರದು.”

ಸಿಂಧನೂರಿನ ಅಜ್ಜಿಯದು ಅದೇ ವಾರ ಅವರ ಹೆಸರಿಗೆ ಹೋಯಿತು. ಸ್ಟೆಂಟಿನ ಹರಪನಹಳ್ಳಿಯವರು ಸಂಕ್ರಾಂತಿಗೆ ಮೊದಲೇ ತೀರಿಕೊಂಡಿದ್ದರು. ಸತ್ತವರಿಗೆ ಖಾತೆ ತೆರೆಯಲು ಗಠರಿಯಲ್ಲಿ ದಾರಿ ಇರಲಿಲ್ಲ. ಅವರ ಮಗ ಗುರುಪ್ರಕಾಶ ಫೋನಿನಲ್ಲಿ, “ನೀವೇ ಅಳಿಸ್ರಿ ಅಮ್ಮಾ, ನನ್ನ ಕೈಲಿ ಆಗಂಗಿಲ್ಲ,” ಎಂದ. ಅನಂತಲಕ್ಷ್ಮಿ ಅವರ ಹೆಸರು ಹೇಳಿ ಗಂಗೆಗೆ ಕೈ ಮುಗಿದು, ಆ ವರದಿಗಳನ್ನು ಅಳಿಸುವ ಗುಂಡಿ ಒತ್ತಿದಳು.

ಮರುವಾರ ಅರಿವಳಿಕೆಯ ಡಾಕ್ಟರು ಗಠರಿ ಬಿಚ್ಚಿ, “ಅರೆ, ಖಾಲಿ ಆಗಿದೆಯಲ್ಲ!” ಎಂದರು.

“ಖಾಲಿ ಅಲ್ಲ. ನನ್ನದು ಇಷ್ಟೇ ಇದ್ದದ್ದು,” ಎಂದಳು.

ಕಲ್ಲು ಹೊರಗೆ ಬಂತು. ಅರ್ಧ ದರದ ಕಾರ್ಡು ಹೋಯಿತು. ಯಾತ್ರಿಕರು ಬಂದ ದಿನವೇ, ಒಪ್ಪಿದವರಿಗೆಲ್ಲ ಅವರವರ ಹೆಸರಿನಲ್ಲೇ ಖಾತೆಯಾಗುತ್ತದೆ. ತ್ರಿಪಾಠಿಗೆ ಬೋನಸ್ ಸಿಕ್ಕಿದೆ. ವಿಜಯಾ ಮಾತ್ರೆ ನುಂಗುತ್ತಿದ್ದಾಳೆ, ಮೊಮ್ಮಗಳಿಗೆ ರೋಗ ತಗುಲಿಲ್ಲ, ಕೆಮ್ಮು ಇಳಿದಿದೆ. ಆದರೆ ಅವಳ ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಇನ್ನು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾಲ್ಕು ತಿಂಗಳು ತಡವಾದದ್ದರಿಂದ ಹೋದದ್ದು ಅದು.