ಸಾಹೇಬರ ಹನ್ನೊಂದು ಹೋಳಿಗೆ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ದೂಧಗಂಗೆ ಹಿಂದಕ್ಕೆ ಹರಿಯಲಿ. ಒಂದು ಸಲ ಹರಿದಿತ್ತು, ಆದರೆ ಆವತ್ತು ನಾನು ಊರಲ್ಲಿರಲಿಲ್ಲ.

ತೊಂಬತ್ತಾರನೆಯ ಇಸವಿಯ ಡಿಸೆಂಬರ್. ಬೆಂಗಳೂರಿನಿಂದ ಒಬ್ಬರು ಬಾಯಾರು, ಅಂದರೆ ಮೇಡಂ, ನಮ್ಮೂರು ಏಕಸಂಬಿಗೆ ಬಂದಿದ್ದರು, ಹುಡುಗಿಯರ ಫುಟ್‌ಬಾಲ್ ಆಯ್ಕೆಗೆ. ಅವರು ಹೆಸರು ಬರೆದುಕೊಂಡ ಗೋಲ್‌ಕೀಪರ್ ರಾಜ್ಯದ ತಂಡ ಸೇರಿ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಾಳೆ. ಆಟ ಎರಡು ಗಂಟೆಗೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ನಾನೇ, ನನ್ನ ಮನೆಯೂ ಮೈದಾನದ ಪಕ್ಕದಲ್ಲೇ. ಹೀಗಾಗಿ ಒಂದೂಮುಕ್ಕಾಲಕ್ಕೆ ಬಾಯಾರು ಕೊರಳಲ್ಲಿ ಸೀಟಿ ಹಾಕಿಕೊಂಡೇ ನಮ್ಮ ಪಡಸಾಲೆಯಲ್ಲಿ ತಾಟಿನ ಮುಂದೆ ಕುಳಿತಿದ್ದರು. ನನ್ನ ಹೆಂಡತಿ ಚನ್ನವ್ವ ಹಂಚಿನ ಮೇಲೆ ಮೊದಲ ಹೋಳಿಗೆ ಹಾಕಿದ್ದಳು.

ಮನೆಗೆ ಬಂದವರಿಗೆ ‘ಉಣ್ಣದೆ ಏಳಿ’ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಅದಕ್ಕೇ ನಾನು ಕತೆ ಶುರು ಮಾಡಿದೆ.

“ಬಾಯಾರ, ಹತ್ತ ವರ್ಷದ ಹಿಂದ ಇದ ಜಾಗಾದಾಗ ಒಬ್ಬ ಸಾಹೇಬ್ರು ಕುಂತಿದ್ರು.”

“ಹೌದಾ? ಅವರೂ ಆಯ್ಕೆಗೆ ಬಂದಿದ್ರಾ?”

“ಬಂದಿದ್ರು ಆಯ್ಕಿಗೇ. ಆದ್ರ ಮೊದಲ ಆಯ್ಕಿ ಆದದ್ದು ಹೋಳಿಗಿರಿ.”

ಆ ವರ್ಷ ಭೋಜ ಊರಿನ ಸುಗಂಧಾ ಎಂಬ ಹುಡುಗಿ ಗೋಲಿನಲ್ಲಿ ನಿಂತಿದ್ದಳು. ಅವಳ ಮನೆಯಲ್ಲಿ ಬೆಲ್ಲದ ಗಾಣ. ಲಾರಿಗೆ ಹೇರುವಾಗ ಹತ್ತು ಕಿಲೋದ ಬೆಲ್ಲದ ಪೆಂಟಿಯನ್ನು ಕೆಳಗಿನಿಂದ ಎಸೆಯುತ್ತಿದ್ದರು, ಮೇಲೆ ನಿಂತು ಹಿಡಿಯುವವಳು ಅವಳು. ಐದು ವರ್ಷದಲ್ಲಿ ಒಂದೂ ಪೆಂಟಿ ಬೀಳಿಸಿರಲಿಲ್ಲ. ಫುಟ್‌ಬಾಲು ಮೊದಲ ಸಲ ಕೈಗೆ ಬಂದಾಗ, “ಕಾಕಾ, ಇದರಾಗ ಏನೂ ಇಲ್ಲಲ್ರಿ?” ಎಂದು ನನ್ನನ್ನು ಕೇಳಿದ್ದಳು.

ಅವರು ಜೈನರು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಮರುದಿನ ಚತುರ್ದಶಿಯ ಉಪವಾಸ ಬೇರೆ. “ಹಗಲ ಇರೂದ್ರಾಗ ಉಣ್ಣೂದಾದ್ರ ಏನ ಬೇಕಾದ್ದ ಆಡು,” ಎಂದಿದ್ದಳು ಅಜ್ಜಿ ತಾರಾಬಾಯಿ. ಆಟ ಎರಡಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯುವುದಿತ್ತು. ಆಡುವ ಮುಂಚೆ ಹೊಟ್ಟೆ ಹಗುರವಿರಲಿ ಎಂದು ಹುಡುಗಿ ಬೆಳಗಿನಿಂದ ಉಂಡಿರಲಿಲ್ಲ. ಅಜ್ಜಿ ಬುತ್ತಿ ಕಟ್ಟಿಕೊಂಡು ಗೋಲಿನ ಹಿಂದೆ ಕುಳಿತಳು.

ನಾನೇನು ಮಾಡಿದೆ? ಸಾಹೇಬರು ಖುಷಿಯಲ್ಲಿದ್ದರೆ ನಮ್ಮ ಹುಡುಗಿಯ ಹೆಸರು ಬರೆದಾರು ಎಂದುಕೊಂಡು ಅವರನ್ನು ಊಟಕ್ಕೆ ಕರೆದೆ. ಅವರು “ಸಾಕು” ಅಂದಾಗಲೆಲ್ಲ “ಇನ್ನೊಂದ ಹಾಕಬೇ” ಎಂದು ಚನ್ನವ್ವನಿಗೆ ಹೇಳಿದೆ. ಹನ್ನೊಂದನೆಯ ಹೋಳಿಗೆಗೆ ಸಾಹೇಬರ ಅಂಗಿಯ ಗುಂಡಿ ಹಾರಿ ನಮ್ಮ ಎಮ್ಮೆಯ ಕೋಡಿಗೆ ಬಡಿಯಿತು. ಆಮೇಲೆ ಆ ಎಮ್ಮೆ ಸಾಯುವ ತನಕ ಕತ್ತು ವಾರೆ ಮಾಡಿಯೇ ನಡೆಯಿತು.

“ಸುಳ್ಳು!” ಎಂದು ಬಾಯಾರು ನಕ್ಕರು.

“ಕೋಡ ಇನ್ನೂ ಅಟ್ಟದ ಮ್ಯಾಲ ಐತ್ರಿ, ತೋರಸ್ಲೇನು?”

ಉಂಡ ಸಾಹೇಬರು ಅಲ್ಲೇ ಅಡ್ಡಾದರು. ಎದ್ದಾಗ ನಾಲ್ಕೂವರೆ, ಆಟ ಶುರುವಾದದ್ದೇ ಆಗ. ಆಟ ಮುಗಿಯುವಷ್ಟರಲ್ಲಿ ಸೂರ್ಯ ಕಬ್ಬಿನ ಗದ್ದೆಯ ಮೇಲೆ ಒಂದು ಮಾರು ಉಳಿದಿದ್ದ. ಎರಡೂ ತಂಡ ಸಮ. “ಇಬ್ಬರು ಕೀಪರಿಗೂ ಐದೈದು ಪೆನಾಲ್ಟಿ,” ಎಂದರು ಸಾಹೇಬರು. ಎದುರು ತಂಡದ ಕೀಪರ್ ಅಥಣಿಯ ಹುಡುಗಿ, ಐದರಲ್ಲಿ ನಾಲ್ಕು ಹಿಡಿದಳು. ಸುಗಂಧಾ ಐದನ್ನೂ ಹಿಡಿಯಬೇಕಿತ್ತು.

ಮೊದಲನೆಯದನ್ನು ಹಿಡಿದಳು. ಅಷ್ಟರಲ್ಲಿ ತಾರಾಬಾಯಿ ಬುತ್ತಿ ಬಿಚ್ಚಿ ನೇರವಾಗಿ ಗೋಲಿನೊಳಗೇ ಬಂದಳು.

“ಏ ಅಜ್ಜಿ, ಹೊರಗ ನಡಿ!” ಎಂದು ಆಟ ನಡೆಸುತ್ತಿದ್ದ ಪಂಚ ಕೂಗಿದ.

“ಸೂರ್ಯಾಗ ಹೇಳಪಾ ನಿಲ್ಲಂತ. ಅಂವಾ ನಿಂತ್ರ ನಾನೂ ನಿಲ್ತೀನಿ.”

ಒಂದು ಒದೆತ, ಒಂದು ತುತ್ತು. ಎರಡನೆಯದು ಹಿಡಿದಳು, ಮೂರನೆಯದು ಹಿಡಿದಳು. ನಾಲ್ಕನೆಯದನ್ನು ಎಡಗೈಯಲ್ಲಿ ರೊಟ್ಟಿ ಇಟ್ಟುಕೊಂಡೇ ಬಲಗೈಯಿಂದ ಹೊರಗೆ ಬಡಿದಳು. ಚೆಂಡು ಕೃಷ್ಣಾ ನದಿ ದಾಟಿತು ಎನ್ನುವವರೂ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ನನ್ನ ಲೆಕ್ಕಕ್ಕೆ ದಂಡೆಯ ತನಕ ಅಷ್ಟೇ.

ಬಾಯಾರು ಈಗ ನಗಲಿಲ್ಲ. “ಐದನೇದು?”

ಇಲ್ಲಿಂದ ಮುಂದಿನದು ಸುಳ್ಳಾಗಿದ್ದರೆ ಚೆನ್ನಾಗಿತ್ತು ಎಂದು ನನಗೂ ಅನಿಸುತ್ತದೆ.

ಸೂರ್ಯನ ಅಂಚೊಂದೇ ಉಳಿದಿತ್ತು. ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತ್ತು, ಹುಡುಗಿ ಇನ್ನೂ ನೀರು ಕುಡಿದಿರಲಿಲ್ಲ. ಅಜ್ಜಿ ತಂಬಿಗೆ ಚಾಚಿದಳು. ಸುಗಂಧಾ ಒಮ್ಮೆ ಚೆಂಡನ್ನು ನೋಡಿದಳು, ಒಮ್ಮೆ ಕಬ್ಬಿನ ಆಚೆ ನೋಡಿದಳು. ಬಗ್ಗಿ ಬೊಗಸೆ ಒಡ್ಡಿದಳು. ಆಗಲೇ ಪಂಚ ಸೀಟಿ ಊದಿದ. ಚೆಂಡು ಅವಳ ಪಕ್ಕದಲ್ಲೇ ಮೆಲ್ಲಗೆ ಉರುಳಿ ಒಳಗೆ ಹೋಯಿತು.

ಈಗ ಇಬ್ಬರದೂ ನಾಲ್ಕು. ಸಾಹೇಬರು ಅಥಣಿಯ ಹುಡುಗಿಯ ಹೆಸರು ಬರೆದುಕೊಂಡರು. “ಈಕೀಗ ಆಟದ ಮ್ಯಾಲ ಲಕ್ಷ ಇಲ್ಲ,” ಎಂದು ಹೇಳಿ ಜೀಪು ಹತ್ತಿದರು.

ನಾನು ಸುಗಂಧಾಳ ಹತ್ತಿರ ಹೋದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಬಾಯಿ ಒರೆಸಿಕೊಂಡು, “ಕಾಕಾ, ಸಾಹೇಬ್ರು ಹೊಟ್ಟಿ ತುಂಬ ಉಂಡ್ರಲ್ರಿ?” ಎಂದು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ಮನೆಗೆ ಬಂದವರ ಬಗ್ಗೆ ನಮ್ಮವರು ಕೇಳುವ ಮಾತೇ ಅದು. ಆವತ್ತಿನಿಂದ ನಾನು ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಉಳಿದ ಎಲ್ಲಕ್ಕೂ ನನ್ನ ಹತ್ತಿರ ಕತೆ ಇದೆ.

ಚನ್ನವ್ವ ಹೋಳಿಗೆ ತಂದು ತಾಟಿಗೆ ಹಾಕಿದಳು. ತುಪ್ಪ ಸುರಿದಳು. ಬಾಯಾರು ಮುಟ್ಟಲಿಲ್ಲ.

“ಇವತ್ತು ಗೋಲಲ್ಲಿ ಯಾರು?”

“ಕುಸುಮಾ ಅಂತ್ರಿ. ಸುಗಂಧಾನ ತಂಗಿ. ಪೆಂಟಿ ಒಗದ ಒಗದ ಅಕ್ಕನೇ ಕಲಿಸ್ಯಾಳ.”

“ಅವಳು ಊಟ ಮಾಡಿದಾಳಾ?”

“ಇಲ್ರಿ. ಅಜ್ಜಿ ತೀರಿ ಹೋದ್ಲು, ಈಗ ಬುತ್ತಿ ಹಿಡಕೊಂಡ ಅಕ್ಕ ಕುಂತಾಳ, ಗೋಲಿನ ಹಿಂದ.”

ಬಾಯಾರು ಗಡಿಯಾರ ನೋಡಿದರು. ಎರಡಕ್ಕೆ ಮೂರು ನಿಮಿಷ. ಒಲೆಯ ಮುಂದಿನಿಂದ ಚನ್ನವ್ವ ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ.

“ಹಂಗಂತ ನೀವು ಉಣಬ್ಯಾಡ್ರಿ ಅಂತ ನಾ ಅನ್ನೂದಿಲ್ರಿ ಬಾಯಾರ,” ಎಂದೆ. “ಹೋಳಿಗೇನ ಎಲ್ಲೂ ಓಡಿ ಹೋಗೂದಿಲ್ಲ, ಬರೇ ಒಂದ ಸಲ ಓಡಿ ಹೋಗಿತ್ತು, ಅದು ಹೆಂಗ ಆತಂದ್ರ, ನಮ್ಮ ಭರಮು ಅಂತ ಒಬ್ಬಾಂವ—”

ಅಂಗಳದ ಆಚೆ ಆಗಲೇ ಬಾಯಾರ ಸೀಟಿ ಕೇಳಿಸಿತು.