ದಾಟದವರ ಕಾಲಂ

ನಾಲ್ಕು ಗೀಟು ಸಾಲಾಗಿ ನಿಂತಿದ್ದವು. ಐದನೆಯದು ಅಡ್ಡ ಬಿತ್ತು. ಬೆಳಗಿನಿಂದ ರಸ್ತೆ ದಾಟಿದವರು ಐದೇ ಜನ.

ಎಣಿಸುವುದು ಅವಳ ಕೆಲಸವಲ್ಲ. ಎಣಿಸುವವನು ಜ್ವರವೆಂದು ಮಲಗಿದ್ದ. ವರದಿ ಸಂಜೆಯೊಳಗೆ ಮುಗಿಯಬೇಕಿತ್ತು. ಹಾಗಾಗಿ ರಸ್ತೆ ಯೋಜನೆಯ ಎಂಜಿನಿಯರಾದ ಅವಳೇ ಆಫೀಸಿನ ಎರಡನೇ ಮಹಡಿಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಊರಾಚೆ ನಲವತ್ತು ಸಾವಿರ ಮನೆಗಳು ಬರಲಿವೆ. ಇನ್ನೂ ಪಾಯ ತೋಡದ ಆ ಮನೆಗಳಿಂದ ಇಪ್ಪತ್ತು ವರ್ಷದ ಮೇಲೆ ಬೆಳಿಗ್ಗೆ ಎಷ್ಟು ಕಾರು ಹೊರಡುತ್ತವೆಂದು ಅವಳು ಕರಾರುವಾಕ್ಕಾಗಿ ಹೇಳಬಲ್ಲಳು. ಈ ನಾಲ್ಕು ಪಥದ ರಸ್ತೆ ಎಂಟು ಪಥವಾಗಬೇಕು. ನಕ್ಷೆಯಲ್ಲಿ, ಆಫೀಸಿನ ಎದುರಿಗೇ, ನಡೆದು ದಾಟುವವರಿಗೆಂದು ಒಂದು ಸಿಗ್ನಲ್ ಹಾಕಿದ್ದಳು. ದಿನಕ್ಕೆ ನೂರು ಜನ ದಾಟಿದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಿಯಮ.

ಒಂದು ಗಂಟೆಗೆ ಎದುರು ಬದಿಯಲ್ಲಿ ಒಂದು ನೀಲಿ ಕೊಡೆ ಬಂದು ನಿಂತಿತು. ಕೊಡೆಯ ಕೆಳಗೆ ಅಕ್ಕ.

ಅಕ್ಕನ ಮನೆ ಆಚೆಯ ಓಣಿಯಲ್ಲಿ. ಮೊದಲೆಲ್ಲ, ರಸ್ತೆಯಲ್ಲಿ ಇಷ್ಟು ಗಾಡಿ ಇಲ್ಲದಾಗ, ದಿನಾ ಈ ಹೊತ್ತಿಗೆ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಮೇಜಿನ ಮೇಲಿನ ನಕ್ಷೆಗಳನ್ನು ಪಕ್ಕಕ್ಕೆ ಸರಿಸಿ, ಇಡೀ ಆಫೀಸಿಗೆ ಕೇಳುವಂತೆ, "ತಿನ್ನೇ, ಕಡ್ಡಿ ಪೈಲ್ವಾನ್" ಅನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ದಿನ ತಂಗಿ, "ದಿನಾ ಬರಬೇಡ ಅಕ್ಕ, ಎಲ್ಲರೂ ನೋಡ್ತಾರೆ" ಅಂದುಬಿಟ್ಟಿದ್ದಳು. ಅಕ್ಕ ಆಮೇಲೆ ಬರಲಿಲ್ಲ. ಮುನಿಸಿರಬೇಕು ಅಂದುಕೊಂಡು ಇವಳು ಸುಮ್ಮನಾಗಿದ್ದಳು.

ಅಕ್ಕ ಒಂದು ಕಾಲು ರಸ್ತೆಗಿಟ್ಟಳು. ಬಸ್ಸು. ಕಾಲು ಹಿಂದೆ ಹೋಯಿತು. ಮತ್ತೆ ಇಟ್ಟಳು. ಲಾರಿ. ಮೂಲೆಯಂಗಡಿಯವನು ಅವಳು ಕೇಳದೆಯೇ ಒಂದು ಸ್ಟೂಲು ತಂದಿಟ್ಟ. ಅಕ್ಕ ಅದರ ಮೇಲೆ ಕೂತು, ತೊಡೆಯ ಮೇಲೆ ಡಬ್ಬಿಯ ಚೀಲ ಇಟ್ಟುಕೊಂಡಳು. ಸ್ಟೂಲು ಬಂದ ರೀತಿ ನೋಡಿದರೆ ಇದು ಇವತ್ತು ಶುರುವಾದದ್ದಲ್ಲ.

ಇಪ್ಪತ್ತು ನಿಮಿಷದ ಮೇಲೆ ಎದ್ದು, ಬಂದ ಕೆಲಸ ಮುಗಿಸಿಕೊಂಡವಳ ಹಾಗೆ ಓಣಿಯ ಕಡೆ ತಿರುಗಿದಳು.

ಕಿಟಕಿಯಿಂದ ಕೂಗಬಹುದಿತ್ತು. ಫೋನು ಮಾಡಿದಳು.

"ಏನ್ಮಾಡ್ತಿದ್ದೀಯ ಅಕ್ಕ?"

"ಏನಿಲ್ಲ. ಮಲಗಿದ್ದೆ. ಊಟ ಆಯ್ತಾ?"

"ಆಯ್ತು."

"ಸುಳ್ಳುಬುರುಕಿ."

ಫೋನಿನಲ್ಲಿ ಲಾರಿಯ ಹಾರ್ನು ಕೇಳಿತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

ಸಂಜೆ ಸಾಹೇಬರು ಹಾಳೆ ನೋಡಿ ನಕ್ಕರು. "ಹನ್ನೊಂದು ಜನಕ್ಕೆ ಒಂದು ಸಿಗ್ನಲ್ಲಾ ಮೇಡಂ? ಅಷ್ಟೂ ಜನರನ್ನ ನಾನೇ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸ್ತೀನಿ ಬಿಡಿ."

"ದಾಟೋಕಾಗದೆ ವಾಪಸ್ ಹೋದವರೂ ಇದ್ದಾರೆ ಸರ್."

"ಅವರಿಗೆ ಕಾಲಂ ಎಲ್ಲಿದೆ?"

ಇರಲಿಲ್ಲ. ಆ ಫಾರಂ ಮಾಡಿದವಳು ಅವಳೇ.

"ಮತ್ತೆ? ಸಿಗ್ನಲ್ ತೆಗೀರಿ. ರಸ್ತೆ ನಡುವಿನ ಗೋಡೆಗೆ ಎಲ್ಲೂ ಸಂದಿ ಬಿಡೋದು ಬೇಡ. ಹಾಂ, ನಾಳೆ ಪ್ರದರ್ಶನಕ್ಕೆ ರಸ್ತೆಯ ಚಿತ್ರ ಬೇಕು. ಒಂದಿಷ್ಟು ಜನರನ್ನ ಹಾಕಿ, ಬಿಕೋ ಅನ್ನಬಾರದು."

'ವಾಪಸ್ ಹೋದದ್ದು ನನ್ನ ಅಕ್ಕ ಸರ್.' ಮಾತು ನಾಲಿಗೆಯ ತನಕ ಬಂತು. ತಡೆದದ್ದು ಸಾಹೇಬರ ಹೆದರಿಕೆಯಲ್ಲ. ಸಿಗ್ನಲ್ ತೆಗೀರಿ ಅಂದ ಕೂಡಲೇ ಎದೆಯೊಳಗೆ ಏನೋ ಹಗುರಾಗಿತ್ತು, ಅದನ್ನು ಅವಳು ಗಮನಿಸಿದ್ದಳು. ಅಕ್ಕ ದಾಟಿ ಬಂದರೆ ಮೇಜಿನ ಮೇಲೆ ಡಬ್ಬಿ ತೆರೆಯುತ್ತಾಳೆ. ಅಂದು ಆಡಿದ ಮಾತಿಗೆ ಇವಳು ಏನಾದರೂ ಹೇಳಬೇಕಾಗುತ್ತದೆ. ಎಂಟು ಪಥವಾದ ಮೇಲೆ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ, ತಪ್ಪೆಲ್ಲ ರಸ್ತೆಯದು. ಅಷ್ಟಕ್ಕೂ, ಎರಡು ವರ್ಷದಲ್ಲಿ ಇವಳು ಕೂಡ ಒಮ್ಮೆಯೂ ಆಚೆಗೆ ದಾಟಿರಲಿಲ್ಲ.

ಸಹಿ ಹಾಕಿದಳು. ಸಿಗ್ನಲ್ ಅಳಿಸಿದಳು. ಕಿಟಕಿಯಲ್ಲಿ ತಾನು ಕೂತಿದ್ದೆನೆಂದು ಅಕ್ಕನಿಗೆ ಯಾವತ್ತೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.

ಆಮೇಲೆ ಕಂಪ್ಯೂಟರಿನಲ್ಲಿ, ಚಿತ್ರಕ್ಕೆ ಜೋಡಿಸುವ ಜನರ ಕಡತ ತೆರೆದಳು. ಮುಖವಿಲ್ಲದ ಬೂದು ಆಕೃತಿಗಳು. ಒಬ್ಬ ಹೆಂಗಸನ್ನು ಆರಿಸಿ ಈಚೆಯ ಫುಟ್‌ಪಾತಿನಲ್ಲಿ ನಿಲ್ಲಿಸಿದಳು. ಅದನ್ನೇ ಇನ್ನೊಮ್ಮೆ ನಕಲು ಮಾಡಿ, ತಿರುಗಿಸಿ, ಆಚೆಯ ಬದಿಯಲ್ಲಿ ಎದುರುಬದುರಾಗಿ ಇಟ್ಟಳು. ನಡುವೆ ಎಂಟು ಪಥ, ಇನ್ನೂ ಕಟ್ಟದ ಮನೆಗಳಿಂದ ಹೊರಟ ಕಾರುಗಳು. ಎತ್ತರ ಸರಿಯಿದೆಯೇ ಎಂದು ಅಳೆದು ನೋಡಿದಳು. ಇಬ್ಬರ ನೆರಳೂ ಒಂದೇ ದಿಕ್ಕಿಗೆ ಬೀಳುವಂತೆ ಸರಿಮಾಡಿದಳು.