ಇರುವೆ ಇಲ್ಲದ ಇರುವೆ ಆಸಿಡ್

ಬಂಡ್ರಿಯ ಪಕೀರಪ್ಪ ಗಣಿಯಲ್ಲಿ ಲಾರಿಗೆ ಅದಿರು ತುಂಬಿ ಬೆನ್ನು ಸವೆಸಿದವನು. ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲೇ ಅಕ್ಕನ ಮಗ ಮಹಾಂತೇಶನ ಸಂಬಂಧ ಮುರಿಯುವ ಹಂತಕ್ಕೆ ಬಂತು.

ಹುಡುಗಿ ಕಮಲಾಪುರದ ಸುಮಂಗಲಾ. ಹುಡುಗ ಹುಡುಗಿ ಒಪ್ಪಿದ್ದರು. ಉಳಿದದ್ದು ಹುಡುಗಿಯ ಅಜ್ಜಿ ಜಂಬವ್ವ. ಆಕೆ ಹೂಂ ಅನ್ನದೆ ಆ ಮನೆಯಲ್ಲಿ ಎಮ್ಮೆಯನ್ನೂ ಮಾರುವುದಿಲ್ಲ.

"ಹುಡುಗ ಏನ್ ಕೆಲಸ ಮಾಡ್ತಾನಪ್ಪಾ?" ಮಾತುಕತೆಗೆ ಬಂದ ಪಕೀರಪ್ಪನನ್ನು ಆಕೆ ಕೇಳಿದಳು.

ಸಂಡೂರಿನ ಹತ್ತಿರ ಕಬ್ಬಿಣದ ಕಾರ್ಖಾನೆಯೊಂದರ ಪಕ್ಕ ಹೊಸ ಘಟಕವಾಗಿತ್ತು. ಚಿಮಣಿಯ ಹೊಗೆಯಿಂದ ಇಂಗಾಲದ ಡೈ ಆಕ್ಸೈಡ್ ಬೇರೆ ಮಾಡಿ, ನೀರು ಸೇರಿಸಿ, ಗುಡ್ಡದ ಗಾಳಿಯಂತ್ರಗಳ ಕರೆಂಟು ಹಾಯಿಸಿ ಫಾರ್ಮಿಕ್ ಆಸಿಡ್ ತೆಗೆಯುತ್ತಾರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಅದು ಬೇಕು. ಮಹಾಂತೇಶ ಅಲ್ಲಿ ಆಪರೇಟರ್. ಫಾರ್ಮಿಕ್ ಎಂಬುದು ಮಾವನ ನಾಲಿಗೆಗೆ ಹತ್ತದಾಗ, "ಕೆಂಪಿರಿವಿ ಕಡಿದ್ರ ಉರಿತೈತಲ್ಲ ಮಾವಾ, ಅದ ಆಸಿಡ್ಡು," ಎಂದಿದ್ದ.

"ಇರಿವಿ ಆಸಿಡ್ ಮಾಡ್ತಾನ್ರಿ ಯವ್ವಾ," ಅಂದ ಪಕೀರಪ್ಪ.

ಜಂಬವ್ವ ಚಹಾದ ಲೋಟ ಕೆಳಗಿಟ್ಟಳು. ವಾರವಾರವೂ ಬೇಲಿಯ ಸಂದಿಗೆ ಸಕ್ಕರೆ ಹಾಕಿ ಇರುವೆ ಸಾಕಿದವಳು ಆಕೆ. ಕಚ್ಚಿದ ಇರುವೆಯನ್ನೂ ಊದಿ ಕಳಿಸುತ್ತಿದ್ದಳು.

"ದಿನಕ್ಕ ಎಷ್ಟು ಇರಿವಿ ಹಿಂಡ್ತಾರ?"

"ಇರಿವಿ ಇಲ್ರಿ. ಹೊಗಿಯಿಂದ ಮಾಡ್ತಾರ."

"ಹೊಗಿಯಿಂದ ಮಾಡಿದ್ದಕ್ಕ ಇರಿವಿ ಹೆಸರ್ಯಾಕ?"

ಪಕೀರಪ್ಪ ತನ್ನ ಲೋಟದ ಚಹಾ ಮುಗಿಸಿದ.

"ಇರಿವಿ ಕೊಲ್ಲೋರಿಗೂ ಹುಡುಗಿ ಕೊಡಂಗಿಲ್ಲ, ಸುಳ್ಳು ಹೇಳೋರಿಗೂ ಕೊಡಂಗಿಲ್ಲ. ನೀವು ಯಾವ ಪೈಕಿ ಅಂತ ನಾನ ಬಂದು ನೋಡ್ತೀನಿ."

ಘಟಕಕ್ಕೇ ಬಂದಳು, ಮೊಮ್ಮಗಳ ಜೊತೆ, ಸೆರಗಿನ ತುದಿಗೆ ಸಕ್ಕರೆ ಕಟ್ಟಿಕೊಂಡು. ಅವತ್ತು ಗಾಳಿ ಬಿದ್ದುಹೋಗಿತ್ತು. ಗುಡ್ಡದ ಗಾಳಿಯಂತ್ರಗಳ ರೆಕ್ಕೆಗಳೂ ನಿಂತಿದ್ದವು, ಘಟಕವೂ ನಿಂತಿತ್ತು.

"ಇಲ್ಲಿಂದ ಹೊಗಿ ಒಳಗ್ರಿ ಅಜ್ಜಿ, ಅಲ್ಲಿಂದ ಆಸಿಡ್ ಹೊರಗ," ಎಂದು ಮಹಾಂತೇಶ ಪೈಪು ತೋರಿಸಿದ.

"ಮತ್ತ ಈಗ್ಯಾಕ ಬರವಲ್ದು? ನಾ ಬರೋದು ಗೊತ್ತಾಗಿ ನಿಲ್ಲಿಸಿದ್ಯಾ?"

"ಗಾಳಿ ನಮ್ಮ ಮಾತು ಕೇಳಂಗಿಲ್ರಿ."

ಜಂಬವ್ವ ಟ್ಯಾಂಕಿನ ಅಡಿ ಬಗ್ಗಿ ನೋಡಿದಳು. ಡ್ರಮ್ಮಿನ ಹಿಂದೆ ನೋಡಿದಳು. ಆಮೇಲೆ ಗೋಡೆಯ ಬುಡಕ್ಕೆ ಸಕ್ಕರೆ ಸುರಿದು ಕುಕ್ಕರುಗಾಲಲ್ಲಿ ಕುಂತಳು. ಪಕೀರಪ್ಪ ಲೆಕ್ಕ ಹಾಕಿದ. ಇರುವೆ ಬಂದರೆ ಇಲ್ಲೇ ಸಾಕಿ ಹಿಂಡುತ್ತಾರೆ ಅನ್ನುತ್ತಾಳೆ. ಬರದಿದ್ದರೆ ಎಲ್ಲವನ್ನೂ ಹಿಂಡಿ ಮುಗಿಸಿದ್ದಾರೆ ಅನ್ನುತ್ತಾಳೆ.

ಬಂದವು. ಕೆಂಪನೆಯವು, ಟ್ಯಾಂಕಿನ ಅಡಿಯಿಂದಲೇ, ಸಾಲಾಗಿ.

"ನೋಡ್ದ್ಯಾ ಪಕೀರಪ್ಪಾ?" ಅಂದಳು ಜಂಬವ್ವ.

ನೋಡಲು ಬಗ್ಗಿದ ಮಹಾಂತೇಶ ಗೋಡೆಗೆ ಕೈ ಊರಿದ. ಒಂದು ಇರುವೆ ಬೆರಳಿಗೆ ಕಚ್ಚಿತು. "ಸ್ಸ್" ಎಂದು ಕೈ ಎತ್ತಿದ. ಎಲ್ಲರೂ ಆ ಕೈಯನ್ನೇ ನೋಡಿದರು. ಅವನು ಇರುವೆಯನ್ನು ಊದಿಬಿಟ್ಟ.

"ಉರಿತೈತೇನು?"

"ಭಾಳ ಉರಿತೈತ್ರಿ."

ಜಂಬವ್ವ ಮಂಡಿ ಹಿಡಿದು ಎದ್ದಳು. "ಹಂಗಾದ್ರ ಅದರ ಆಸಿಡ್ಡು ಅದರ ಹತ್ರನ ಐತಿ. ಯಾರೂ ತಗೊಂಡಿಲ್ಲ."

"ಅಜ್ಜಿ, ನಾವು ಬಂದಿದ್ದು ಹುಡುಗನ್ನ ನೋಡಾಕ," ಅಂದಳು ಸುಮಂಗಲಾ.

"ಅವನ್ನೂ ನೋಡಿದ್ನಲ್ಲ, ಇರಿವಿ ಊದಿ ಬಿಟ್ಟಾಗ."

ಈಗ ಕಮಲಾಪುರದಲ್ಲಿ ಮೊಮ್ಮಗಳ ಗಂಡನ ಕೆಲಸ ಏನೆಂದು ಯಾರಾದರೂ ಕೇಳಿದರೆ ಜಂಬವ್ವ ಪಕೀರಪ್ಪನಿಗೆ ಬಾಯಿ ತೆರೆಯಲು ಬಿಡುವುದಿಲ್ಲ.

"ಗಾಳಿ ಬೀಸಿದ್ರ ಹೊಗಿ ಹಿಡಿತಾನ. ಬೀಸದಿದ್ರ ಇರಿವಿ ಕೈಲಿ ಕಡಿಸ್ಕೊಂತಾನ. ಖಾಲಿ ಕುಂದ್ರೋ ಪೈಕಿ ಅಲ್ಲ."